ಮೆಲ್ಲಗಿನಿಂದ ಜೋರಿಗೆ: ಮೋನೊ ಬ್ಯಾಂಡಿನ ‘ಓತ್’ ಆಲ್ಬಂ ಕೇಳುವ ಬಗೆ

ಮೋನೊ ಟೋಕಿಯೊದ ಬ್ಯಾಂಡ್. ಅವರ ‘ಓತ್’ ಆಲ್ಬಂ ಬಂದದ್ದು 2024ರ ಜೂನ್ 14ರಂದು. ಹನ್ನೊಂದು ಟ್ರ್ಯಾಕ್, ಒಂದು ಗಂಟೆಗೂ ಜಾಸ್ತಿ ಸಂಗೀತ, ಹಾಡುವವರು ಮಾತ್ರ ಯಾರೂ ಇಲ್ಲ. ಎರಡು ಗಿಟಾರ್, ಬೇಸ್, ಡ್ರಮ್ಸ್. ಇವುಗಳ ಜೊತೆ ಪಿಟೀಲಿನ ಬಳಗದ ವಾದ್ಯಗಳು, ಹಿತ್ತಾಳೆಯ ಊದುವ ವಾದ್ಯಗಳು, ಅಲ್ಲಲ್ಲಿ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್). ಈ ಬಗೆಯ ಸಂಗೀತಕ್ಕೆ ಪೋಸ್ಟ್-ರಾಕ್ ಅನ್ನುತ್ತಾರೆ.

ಹೊಸಬರಿಗೆ ಇದನ್ನು ಕೇಳಿಸಿದರೆ ಎರಡು ಮಾತು ಬರುತ್ತವೆ. ಮೂರು ನಿಮಿಷ ಆದರೂ ಏನೂ ಆಗಲಿಲ್ಲವಲ್ಲ ಅನ್ನುವುದು ಒಂದು. ಎಲ್ಲಾ ಟ್ರ್ಯಾಕೂ ಒಂದೇ ಥರ ಇದೆ ಅನ್ನುವುದು ಇನ್ನೊಂದು. ಎರಡರಲ್ಲೂ ನಿಜ ಇದೆ. ಪಲ್ಲವಿ ಯಾವಾಗ ಬರುತ್ತದೆ, ಟ್ಯೂನ್ ಎಲ್ಲಿ ತಿರುಗುತ್ತದೆ ಅಂತ ಕಾಯುತ್ತಾ ಕೂತರೆ ಇಲ್ಲಿ ಸಿಗುವುದು ಕಡಿಮೆಯೇ. ಮೋನೊ ಸಂಗೀತದಲ್ಲಿ ಕಥೆ ನಡೆಯುವುದು ಸದ್ದಿನ ಮಟ್ಟದಲ್ಲಿ. ಎಷ್ಟು ಮೆಲ್ಲಗೆ ಶುರುವಾಯಿತು, ಎಷ್ಟು ಹೊತ್ತು ತೆಗೆದುಕೊಂಡು ಏರಿತು, ಯಾವ ವಾದ್ಯ ಯಾವಾಗ ಸೇರಿತು, ತುದಿ ಮುಟ್ಟಿದ ಮೇಲೆ ಏನಾಯಿತು ಎನ್ನುವುದನ್ನು ಹಿಡಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಏರಿಳಿತ ಹೇಗೆ ಕೆಲಸ ಮಾಡುತ್ತದೆ, ‘ಓತ್’ ಅದನ್ನು ಹೇಗೆ ಕಾಪಾಡಿಕೊಂಡಿದೆ, ನಾವು ಫೋನಿನಲ್ಲಿ ಕೇಳುವಾಗ ಅದು ಎಲ್ಲಿ ಸೋರಿಹೋಗುತ್ತದೆ ಎನ್ನುವುದನ್ನು ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಪೋಸ್ಟ್-ರಾಕ್ ಎಂಬ ಹೆಸರನ್ನು ಚಾಲ್ತಿಗೆ ತಂದವರು ಬ್ರಿಟನ್ನಿನ ವಿಮರ್ಶಕ ಸೈಮನ್ ರೆನಾಲ್ಡ್ಸ್. 1994ರಲ್ಲಿ ಅವರು ಬರೆದದ್ದರ ತಿರುಳು ಇಷ್ಟು. ರಾಕ್ ವಾದ್ಯಗಳನ್ನೇ ಇಟ್ಟುಕೊಂಡು, ರಾಕ್ ಮಾಡುವ ಕೆಲಸ ಬಿಟ್ಟು ಬೇರೆ ಕೆಲಸ ಮಾಡುವವರು ಬಂದಿದ್ದಾರೆ. ಅವರ ಕೈಯಲ್ಲಿ ಗಿಟಾರ್ ಇರುವುದು ನಾದದ ಬಣ್ಣ ಮತ್ತು ನೇಯ್ಗೆಗಾಗಿ. ಅಲ್ಲಿಂದ ಮುಂದೆ ಒಂದೊಂದು ಊರಿನವರು ಅದನ್ನು ಒಂದೊಂದು ಕಡೆಗೆ ಎಳೆದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಮೊಗ್ವಾಯ್, ಕೆನಡಾದ ಮಾಂಟ್ರಿಯಲ್‌ನಿಂದ ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್, ಅಮೆರಿಕದ ಟೆಕ್ಸಸ್‌ನಿಂದ ಎಕ್ಸ್‌ಪ್ಲೋಶನ್ಸ್ ಇನ್ ದ ಸ್ಕೈ ಬಂದವು. ಇದು ನಾಲ್ಕು ಜನ ಕೇಳುವ ಸಂಗೀತ ಅಂತ ಯಾರಾದರೂ ಅಂದುಕೊಂಡಿದ್ದರೆ, 2021ರ ಫೆಬ್ರುವರಿಯಲ್ಲಿ ಮೊಗ್ವಾಯ್ ಆಲ್ಬಂ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು.

ಮೋನೊ ಶುರುವಾದದ್ದು 1999ರಲ್ಲಿ. ಗಿಟಾರ್‌ಗೆ ತಕಾಕಿರಾ ಗೋಟೊ ಮತ್ತು ಹಿದೆಕಿ ಸುಎಮಾತ್ಸು, ಬೇಸ್‌ಗೆ ತಮಾಕಿ ಕುನಿಶಿ, ಡ್ರಮ್ಸ್‌ಗೆ ಯಸುನೊರಿ ತಕಾದಾ. ಗೋಟೊ ಅವರನ್ನು ಎಲ್ಲರೂ ತಾಕಾ ಅಂತಲೇ ಕರೆಯುತ್ತಾರೆ. ಬ್ಯಾಂಡಿನ ಹೆಚ್ಚಿನ ಸಂಗೀತ ಹುಟ್ಟುವುದು ಅವರಿಂದ. 2001ರ ಮೊದಲ ಆಲ್ಬಂಗೆ ಇಟ್ಟ ಹೆಸರಿನಲ್ಲಿ ನಮ್ಮ ಅರಳಿ ಮರ ಇದೆ. ‘ಅಂಡರ್ ದ ಪೀಪಲ್ ಟ್ರೀ’ ಅಂತ. ಅದನ್ನು ತಂದದ್ದು ನ್ಯೂಯಾರ್ಕಿನ ಸಂಗೀತಗಾರ ಜಾನ್ ಜಾರ್ನ್ ಅವರ ಜಾಡಿಕ್ ಲೇಬಲ್. ತಕಾದಾ 2017ರಲ್ಲಿ ಬಿಟ್ಟರು. ಮರುವರ್ಷ ಅಮೆರಿಕದ ಡಾಮ್ ಮಜುರಿ ಚಿಪೊಲ್ಲಾ ಬಂದರು. ‘ಓತ್’ನಲ್ಲಿ ಡ್ರಮ್ಸ್ ನುಡಿಸಿದ್ದು ಅವರೇ. ಬ್ಯಾಂಡಿಗೆ ಇಪ್ಪತ್ತೈದು ತುಂಬುವ ಹೊತ್ತಿಗೆ ಬಂದ ಆಲ್ಬಂ ಇದು.

ಈಗ ಕೆಲಸದ ಒಳಗೆ ಹೋಗೋಣ. ಮೋನೊ ಟ್ರ್ಯಾಕ್ ಒಂದರ ಸಾಮಾನ್ಯ ರೂಪ ಹೀಗಿರುತ್ತದೆ. ಮೊದಲು ಒಂದು ಗಿಟಾರ್. ಕೆಲವೇ ಸ್ವರ, ನಿಧಾನ, ನಡುವೆ ಬೇಕಾದಷ್ಟು ಜಾಗ. ಮೂರು ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಒಂದು ಸುತ್ತು ಮುಗಿಯುತ್ತದೆ, ಅದೇ ಮತ್ತೆ ಶುರುವಾಗುತ್ತದೆ. ಮುಂದಿನ ಸುತ್ತಿಗೆ ಬೇಸ್ ಸೇರುತ್ತದೆ. ಆಮೇಲೆ ಎರಡನೇ ಗಿಟಾರ್ ಮೇಲಿನ ಸ್ವರಗಳಲ್ಲಿ ಬರುತ್ತದೆ. ಡ್ರಮ್ಸ್ ಮೊದಲು ಬರೀ ಸಿಂಬಲ್ (ತಾಳದಂಥ ಲೋಹದ ತಟ್ಟೆ) ಮೇಲೆ ಓಡಾಡುತ್ತದೆ, ಕೊನೆಗೆ ಪೂರ್ತಿ ಕೈ ಬೀಸುತ್ತದೆ. ಅಷ್ಟರಲ್ಲಿ ಪಿಟೀಲುಗಳೂ ಎದ್ದಿರುತ್ತವೆ. ಆರಂಭದಲ್ಲಿ ಕೇಳಿದ ಅದೇ ಕಾರ್ಡ್‌ಗಳು ಈಗಲೂ ಸುತ್ತುತ್ತಿವೆ, ಆದರೆ ಗುರುತು ಸಿಗದಷ್ಟು ದೊಡ್ಡದಾಗಿವೆ.

ಇದರ ಹಿಂದೆ ಒಂದು ಲೆಕ್ಕ ಇದೆ. ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ ಅಲ್ವಾ? ಒಂದು ವಾದ್ಯದ ಪಕ್ಕದಲ್ಲಿ ಅಷ್ಟೇ ಜೋರಿನ ಇನ್ನೊಂದು ವಾದ್ಯ ಸೇರಿಸಿದರೆ ಸದ್ದು ಎರಡರಷ್ಟು ಕೇಳಿಸುತ್ತದೆ ಅಂತ ನಮಗೆ ಅನ್ನಿಸಬಹುದು. ಹಾಗಾಗುವುದಿಲ್ಲ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅಂದರೆ ಒಂದೇ ಜೋರಿನ ಹತ್ತು ವಾದ್ಯ ಬೇಕು. ನಾಲ್ಕು ಜನರ ಬ್ಯಾಂಡ್ ತಲೆ ಎಣಿಸಿ ಜೋರಾಗಲು ಸಾಧ್ಯವೇ ಇಲ್ಲ. ಇನ್ನು ರೆಕಾರ್ಡಿಂಗ್‌ನಲ್ಲಿ ಮೇಲ್ಗಡೆ ಒಂದು ಮಿತಿ ಬೇರೆ ಇದೆ. ಸಿಡಿಯಾಗಲಿ ಡಿಜಿಟಲ್ ಫೈಲಾಗಲಿ, ಒಂದು ಮಟ್ಟಕ್ಕಿಂತ ಮೇಲೆ ಸದ್ದನ್ನು ಹಿಡಿದಿಡಲಾರದು. ತುದಿಯನ್ನು ಎತ್ತರಿಸಲು ಆಗುವುದಿಲ್ಲ ಅಂದಮೇಲೆ ಉಳಿಯುವ ದಾರಿ ಒಂದೇ. ಬುಡವನ್ನು ತಗ್ಗಿಸಬೇಕು. ಆ ಮೂರು ನಿಮಿಷ ‘ಏನೂ ಆಗದೆ’ ಇರುವುದು ಇದಕ್ಕೇ. ಕಿವಿಗೆ ಅತಿ ಸಣ್ಣ ಸದ್ದನ್ನು ಅಳತೆಗೋಲಾಗಿ ಕೊಡುವ ಕೆಲಸ ಅಲ್ಲಿ ನಡೆಯುತ್ತಿರುತ್ತದೆ. ಫಾರ್ವರ್ಡ್ ಮಾಡಿ ನೇರ ಜೋರಿನ ಭಾಗಕ್ಕೆ ಹೋದವರಿಗೆ ಅದು ಬರೀ ಗದ್ದಲ ಅನ್ನಿಸಿದರೆ ಆಶ್ಚರ್ಯ ಇಲ್ಲ. ಅಳತೆಗೋಲನ್ನೇ ದಾಟಿ ಬಂದಿದ್ದಾರೆ.

ನಿಧಾನವಾಗಿ ಏರಿಸುವುದಕ್ಕೂ ಕಾರಣ ಇದೆ. ಸುಮಾರು 1 ಡೆಸಿಬೆಲ್‌ನಷ್ಟು ವ್ಯತ್ಯಾಸ ನಮ್ಮ ಕಿವಿ ಗುರುತಿಸುವ ಅಂಚು. ಪ್ರತಿ ಸುತ್ತಿಗೂ ಅದರ ಆಸುಪಾಸಿನಲ್ಲೇ ಏರಿಸುತ್ತಾ ಹೋದರೆ, ಯಾವ ಘಳಿಗೆಯಲ್ಲಿ ಜೋರಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಜೋರಾಗಿದೆ ಅನ್ನುವುದು ಮೈಗೆ ತಿಳಿಯುತ್ತದೆ, ಅಷ್ಟೇ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಹಾರ್ವೆ ಫ್ಲೆಚರ್ ಮತ್ತು ವಿಲ್ಡನ್ ಮನ್ಸನ್ ತೋರಿಸಿಕೊಟ್ಟ ಹಾಗೆ, ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಸದ್ದು ಏರಿದಂತೆ ಬೇಸ್ ಎದ್ದು ಬರುತ್ತದೆ. ಹಾಗಾಗಿ ಸಂಗೀತ ಮೆಲ್ಲಗಿನಿಂದ ಜೋರಿಗೆ ಹೋದಾಗ ಬರೀ ಪ್ರಮಾಣ ಬದಲಾಗುವುದಿಲ್ಲ. ಸಣಕಲಾಗಿದ್ದ ನಾದ ಮೈದುಂಬಿಕೊಳ್ಳುತ್ತದೆ. ತಮಾಕಿಯವರ ಬೇಸ್ ಶುರುವಿನ ಸುತ್ತುಗಳಲ್ಲೇ ಸೇರಿಕೊಂಡಿರುತ್ತದೆ, ಆದರೆ ಟ್ರ್ಯಾಕಿನ ನಡುವೆ ಎಲ್ಲೋ ಅದು ಹೊಸದಾಗಿ ಬಂದಂತೆ ಅನ್ನಿಸುತ್ತದೆ. ಆ ಬದಲಾವಣೆಯ ಒಂದು ಪಾಲು ನಮ್ಮ ಕಿವಿಯಲ್ಲೇ ಆಗುತ್ತದೆ.

ಗಿಟಾರ್ ವಿಷಯಕ್ಕೆ ಬರೋಣ. ಗಿಟಾರಿನ ತಂತಿ ಮೀಟಿದರೆ ಸ್ವರ ಹುಟ್ಟಿದ ಕೂಡಲೇ ಸಾಯಲು ಶುರು. ಪಿಟೀಲಿಗೆ ಕಮಾನು ಎಳೆದಂತೆ ಹಿಡಿದು ನಿಲ್ಲಿಸಲು ಬರುವುದಿಲ್ಲ. ಇಷ್ಟು ನಿಧಾನದ ಸಂಗೀತಕ್ಕೆ ಇದು ದೊಡ್ಡ ತೊಡಕು. ತಾಕಾ ಇದಕ್ಕೆ ಬಳಸುವ ಮುಖ್ಯ ಉಪಾಯ ಟ್ರೆಮೊಲೊ ಪಿಕಿಂಗ್. ಒಂದೇ ಸ್ವರವನ್ನು ಪಿಕ್‌ನಿಂದ (ತಂತಿ ಮೀಟುವ ಚಿಕ್ಕ ಬಿಲ್ಲೆ) ಮೇಲೆ ಕೆಳಗೆ ಅತಿ ವೇಗವಾಗಿ ಮೀಟುತ್ತಲೇ ಇರುವುದು. ಒಂದು ಮೀಟು ಆರುವ ಮೊದಲೇ ಇನ್ನೊಂದು ಬಿದ್ದಿರುತ್ತದೆ, ಸ್ವರ ಹರಿಯುತ್ತಲೇ ಇರುತ್ತದೆ. ಕೈಯ ಬಿಗಿ ಹೆಚ್ಚಿಸಿದರೆ ಸ್ವರ ಉಬ್ಬುತ್ತದೆ, ಸಡಿಲಿಸಿದರೆ ತಗ್ಗುತ್ತದೆ. ಪಿಟೀಲುವಾದಕರಿಗೆ ಮಾತ್ರ ಇದ್ದ ಸವಲತ್ತು ಹೀಗೆ ಗಿಟಾರಿಗೂ ಸಿಕ್ಕಿತು. ಮೋನೊ ಗಿಟಾರ್‌ಗಳು ಆರ್ಕೆಸ್ಟ್ರಾ ಜೊತೆ ಅಷ್ಟು ಚೆನ್ನಾಗಿ ಬೆರೆಯುವುದಕ್ಕೆ ಇದೂ ಒಂದು ಕಾರಣ.

ಉಳಿದದ್ದು ಕಾಲಬಳಿಯ ಪೆಡಲ್‌ಗಳ, ಅಂದರೆ ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆಗಳ ಕೆಲಸ. ಡಿಲೇ ನುಡಿಸಿದ್ದನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಹೇಳುತ್ತದೆ. ರಿವರ್ಬ್ ದೊಡ್ಡ ಕಟ್ಟಡದ ಒಳಗೆ ನುಡಿಸಿದ ಹಾಗೆ ಗುಂಗು ಕೊಡುತ್ತದೆ. ಡಿಸ್ಟಾರ್ಷನ್ ಸಿಗ್ನಲ್ಲಿನ ಅಲೆಯ ತಲೆಯನ್ನು ಕತ್ತರಿಸಿ, ಅದರಲ್ಲಿ ಇಲ್ಲದ ಮೇಲಿನ ಸ್ವರಗಳನ್ನು ಹುಟ್ಟಿಸುತ್ತದೆ. ಡಿಸ್ಟಾರ್ಷನ್ ಒತ್ತಿದಾಗ ಅಳತೆಯಲ್ಲಿ ಸದ್ದು ಏರದೇ ಇದ್ದರೂ ಕಿವಿಗೆ ದಟ್ಟವಾಗಿ, ಜೋರಾಗಿ ಕೇಳಿಸುತ್ತದೆ. ಮೇಲಿನ ಮಿತಿಯ ಒಳಗೇ ಇದ್ದು ದೊಡ್ಡದಾಗಲು ಇದು ಇನ್ನೊಂದು ದಾರಿ.

ಹಿಂದೂಸ್ತಾನಿ ಗಾಯನದ ವಿಲಂಬಿತ (ನಿಧಾನಗತಿಯ) ಖಯಾಲ್ ಕೇಳಿ ಅಭ್ಯಾಸ ಇರುವ ಧಾರವಾಡದ ಕಡೆಯವರಿಗೆ ಈ ನಿಧಾನ ಹೊಸದೇನಲ್ಲ. ಅರ್ಧ ಗಂಟೆ ಕಾಯುವುದು, ಸಾಹಿತ್ಯಕ್ಕೆ ಜಾಸ್ತಿ ಗಮನ ಕೊಡದಿರುವುದು ಅಲ್ಲಿ ರೂಢಿ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಿಸಬೇಕು. ಖಯಾಲ್‌ನಲ್ಲಿ ಕಾಯುವುದು ರಾಗಕ್ಕಾಗಿ. ಒಂದೊಂದೇ ಸ್ವರ ತೆರೆದುಕೊಳ್ಳುತ್ತಾ ತಾರ ಷಡ್ಜಕ್ಕೆ ಹೋಗುತ್ತದೆ, ಅಲ್ಲಿ ಗಾಯಕರ ಮನೋಧರ್ಮಕ್ಕೆ ಜಾಗ ಇದೆ. ಮೋನೊದಲ್ಲಿ ಸ್ವರಗಳು ಮೊದಲ ನಿಮಿಷದಲ್ಲೇ ತೀರ್ಮಾನವಾಗಿರುತ್ತವೆ, ಆಮೇಲೆ ಹೊಸ ಸ್ವರ ಬರುವುದು ಅಪರೂಪ. ನುಡಿಸುವುದೆಲ್ಲ ಮೊದಲೇ ಬರೆದಿಟ್ಟದ್ದು. ರಾಗದ ಬೆಳವಣಿಗೆ ಹುಡುಕಿದವರಿಗೆ ಬೇಸರವಾದರೆ ತಪ್ಪು ಅವರದಲ್ಲ.

ಇಷ್ಟೆಲ್ಲಾ ಏರಿಳಿತದ ಮೇಲೆ ನಿಂತ ಸಂಗೀತವನ್ನು ರೆಕಾರ್ಡ್ ಮಾಡುವವರು ಯಾರು ಎನ್ನುವುದು ದೊಡ್ಡ ಪ್ರಶ್ನೆ. ‘ಓತ್’ ರೆಕಾರ್ಡ್ ಆದದ್ದು ಶಿಕಾಗೊದ ಎಲೆಕ್ಟ್ರಿಕಲ್ ಆಡಿಯೊ ಸ್ಟುಡಿಯೊದಲ್ಲಿ, ಸ್ಟೀವ್ ಆಲ್ಬಿನಿ ಕೈಯಲ್ಲಿ. ಮೋನೊ ಅವರ ಜೊತೆ ಮೊದಲು ಕೆಲಸ ಮಾಡಿದ್ದು 2004ರ ಆಲ್ಬಂಗಾಗಿ. ನಡುವೆ ಬೇರೆಯವರ ಜೊತೆ ಮಾಡಿದ್ದೂ ಇದೆ, ಆದರೆ ಮತ್ತೆ ಮತ್ತೆ ಅಲ್ಲಿಗೇ ಮರಳಿದರು.

ಆಲ್ಬಿನಿಯವರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವರನ್ನು ಬಿಟ್ಟು ಈ ಆಲ್ಬಂ ಅರ್ಥವಾಗುವುದಿಲ್ಲ. ತಮ್ಮನ್ನು ‘ಪ್ರೊಡ್ಯೂಸರ್’ ಅಂತ ಕರೆಸಿಕೊಳ್ಳಲು ಅವರು ಒಪ್ಪುತ್ತಿರಲಿಲ್ಲ. ತಾನು ರೆಕಾರ್ಡಿಂಗ್ ಎಂಜಿನಿಯರ್, ಬ್ಯಾಂಡ್ ನುಡಿಸಿದ್ದನ್ನು ಇದ್ದ ಹಾಗೆ ಹಿಡಿದು ಕೊಡುವುದು ತನ್ನ ಕೆಲಸ ಅನ್ನುತ್ತಿದ್ದರು. 1992ರಲ್ಲಿ ನಿರ್ವಾಣ ಬ್ಯಾಂಡಿಗೆ ಬರೆದ ಪತ್ರದಲ್ಲಿ, ಆಲ್ಬಂ ಮಾರಾಟದಲ್ಲಿ ಪಾಲು ಬೇಡ, ಪ್ಲಂಬರ್‌ಗೆ ಕೊಡುವ ಹಾಗೆ ಮಾಡಿದ ಕೆಲಸಕ್ಕೆ ದುಡ್ಡು ಕೊಡಿ ಎಂದಿದ್ದರು. ಆಗಿನ ಜಗತ್ತಿನ ಅತಿ ದೊಡ್ಡ ಬ್ಯಾಂಡುಗಳಲ್ಲಿ ಒಂದರಿಂದ ರಾಯಲ್ಟಿ ಬೇಡ ಅಂದವರು ಅವರು. ಎಲೆಕ್ಟ್ರಿಕಲ್ ಆಡಿಯೊ ತೆರೆದದ್ದು 1997ರಲ್ಲಿ. ಅಲ್ಲಿ ಗೋಡೆಗಳಿಗೆ ಸುಡದ ಮಣ್ಣಿನ ಇಟ್ಟಿಗೆ ಬಳಸಿದ್ದಾರೆ, ಸದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಬಾರದು, ಒಳಗೆ ಹಿತವಾಗಿ ಕೇಳಬೇಕು ಅಂತ.

ಈಗಿನ ಹೆಚ್ಚಿನ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಸ್ ಒಂದು ದಿನ, ಗಿಟಾರ್ ಇನ್ನೊಂದು ದಿನ. ಕಂಪ್ಯೂಟರ್ ಪರದೆಯ ಮೇಲೆ ಎಲ್ಲವನ್ನೂ ಗೆರೆಗೆ ಸರಿಯಾಗಿ ಜೋಡಿಸುತ್ತಾರೆ. ಆಲ್ಬಿನಿ ದಾರಿ ಬೇರೆ. ಬ್ಯಾಂಡಿನವರು ಒಟ್ಟಿಗೆ ನುಡಿಸಬೇಕು, ಅದು ಟೇಪಿಗೆ ಹೋಗಬೇಕು. ಎರಡು ಇಂಚು ಅಗಲದ ಟೇಪ್, ಅದರ ಮೇಲೆ ಅಕ್ಕಪಕ್ಕದಲ್ಲಿ ಸದ್ದು ಹಿಡಿಯುವ 24 ಸಾಲು. ಸೆಕೆಂಡಿಗೆ 15 ಇಂಚು ಓಡಿಸಿದರೆ 2,500 ಅಡಿಯ ಒಂದು ರೀಲು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, 30 ಇಂಚು ಓಡಿಸಿದರೆ ಅದರ ಅರ್ಧ. ಎಂಟು ನಿಮಿಷದ ಟ್ರ್ಯಾಕನ್ನು ಸುಮ್ನೆ ಇಪ್ಪತ್ತು ಸಲ ನುಡಿಸಿಟ್ಟು ಆಮೇಲೆ ಆರಿಸೋಣ ಅನ್ನುವ ಹಾಗಿಲ್ಲ. ತಯಾರಾಗಿ ಬರಬೇಕು.

ಮೋನೊಗೆ ಇದು ಯಾಕೆ ಮುಖ್ಯ? ಮೆಲ್ಲಗೆ ನುಡಿಸಿದ್ದನ್ನು ಸ್ಟುಡಿಯೊದ ಮಿಕ್ಸಿಂಗ್ ಬೋರ್ಡಿನಲ್ಲಿ ವಾಲ್ಯೂಮ್ ಏರಿಸಿ ಜೋರು ಮಾಡಬಹುದು. ಆದರೆ ಅದು ಜೋರಾಗಿ ನುಡಿಸಿದ ಹಾಗೆ ಕೇಳಿಸುವುದಿಲ್ಲ. ಡ್ರಮ್ಮಿಗೆ ಬಲವಾಗಿ ಹೊಡೆದಾಗ ಅದರ ನಾದವೇ ಬದಲಾಗುತ್ತದೆ, ಮೆಲ್ಲಗೆ ಹೊಡೆದಾಗ ಇಲ್ಲದ ಸ್ವರಗಳು ಸಿಡಿಯುತ್ತವೆ. ತಂತಿಯನ್ನು ಜೋರಾಗಿ ಮೀಟಿದಾಗ ವಾಲ್ವ್ ಆಂಪ್ಲಿಫೈಯರ್ ಗುರುಗುಟ್ಟಲು ಶುರುಮಾಡುತ್ತದೆ. ಕೋಣೆಯ ದೂರದ ಮೂಲೆಯಲ್ಲಿಟ್ಟ ಮೈಕಿಗೆ ಗೋಡೆಯಿಂದ ಮರಳಿದ ಸದ್ದು ಹೆಚ್ಚು ಹೊತ್ತು ಕೇಳಿಸುತ್ತದೆ. ಇದೆಲ್ಲಾ ಸೇರಿ, ನಾಲ್ಕು ಜನ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಏರಿದ್ದಾರೆ ಎನ್ನುವ ಗುರುತು ರೆಕಾರ್ಡಿನಲ್ಲಿ ಉಳಿಯುತ್ತದೆ. ಆಲ್ಬಿನಿ ಕಂಪ್ರೆಷನ್ ಬಳಸುತ್ತಿದ್ದದ್ದು ಕಡಿಮೆ. ಕಂಪ್ರೆಷನ್ ಅಂದರೆ ಜೋರಿನ ಭಾಗವನ್ನು ತಗ್ಗಿಸಿ, ಮೆಲ್ಲಗಿನದನ್ನು ಎತ್ತಿ ಎರಡರ ನಡುವಿನ ಅಂತರ ಕಿರಿದು ಮಾಡುವುದು. ರೇಡಿಯೊ ಹಾಡಿಗೆ ಅದರಿಂದ ಅನುಕೂಲ. ಮೋನೊಗೆ ಆ ಅಂತರವೇ ಬಂಡವಾಳ.

2024ರ ಮೇ 7ರಂದು ಆಲ್ಬಿನಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61. ‘ಓತ್’ ಬಿಡುಗಡೆಗೆ ಐದು ವಾರ ಇತ್ತು. ಆಲ್ಬಂ ಅಷ್ಟರಲ್ಲಿ ಮುಗಿದಿತ್ತು, ಅವರ ನೆನಪಿಗಾಗಿ ಮಾಡಿದ್ದಲ್ಲ. ಆದರೂ ‘ಅವರ್‌ಗ್ಲಾಸ್’, ‘ಟೈಮ್ ಗೋಸ್ ಬೈ’ ಅನ್ನುವ ಶೀರ್ಷಿಕೆಗಳನ್ನು ಈಗ ಅವರ ಸಾವನ್ನು ಮರೆತು ಓದಲು ನನ್ನಿಂದ ಆಗುವುದಿಲ್ಲ.

ಓತ್ ಅಂದರೆ ಆಣೆ. ಮರಳು ಗಡಿಯಾರ, ಬೆಳದಿಂಗಳು, ಚಳಿಗಾಲ, ಸರಿದುಹೋಗುವ ಹೊತ್ತು ಎಂದು ಹಲವು ಶೀರ್ಷಿಕೆಗಳು ಕಾಲದ ಸುತ್ತಲೇ ಸುಳಿಯುತ್ತವೆ. ಮಾತಿಲ್ಲದ ಸಂಗೀತದಲ್ಲಿ ಶೀರ್ಷಿಕೆ ಮಾಡುವ ಕೆಲಸ ದೊಡ್ಡದು. ಕೇಳುವವರ ಮನಸ್ಸನ್ನು ಒಂದು ದಿಕ್ಕಿಗೆ ತಿರುಗಿಸಿ ಬಿಟ್ಟುಬಿಡುತ್ತದೆ. ಆಲ್ಬಂ ಶುರುವಾಗುವುದು ‘ಅಸ್, ದೆನ್’, ‘ಓತ್’, ‘ದೆನ್, ಅಸ್’ ಎಂಬ ಮೂರು ಟ್ರ್ಯಾಕ್‌ಗಳಿಂದ. ಆಚೀಚಿನ ಎರಡು ಚಿಕ್ಕವು, ನಡುವಿನದು ದೊಡ್ಡದು. ಹೆಸರುಗಳು ತಿರುಗುಮುರುಗಾಗಿರುವುದೇ ಹೇಳುವ ಹಾಗೆ ಇವನ್ನು ಒಂದೇ ತುಂಡಾಗಿ ಕೇಳಬೇಕು. ಮೋನೊದ ಹಳೆಯ ಆಲ್ಬಂಗಳಲ್ಲಿ ತುದಿ ಮುಟ್ಟುವುದೆಂದರೆ ಗಿಟಾರ್‌ಗಳು ಎಲ್ಲವನ್ನೂ ನುಂಗಿಹಾಕುವುದು. ‘ಓತ್’ನಲ್ಲಿ ಆ ಆರ್ಭಟ ಕಡಿಮೆ. ತುದಿಯ ಹೊತ್ತಿಗೆ ಪಿಟೀಲು ಮತ್ತು ಹಿತ್ತಾಳೆ ವಾದ್ಯಗಳು ಭಾರ ಹೊರುತ್ತವೆ, ಗಿಟಾರ್ ಅವುಗಳ ಒಳಗೇ ಇರುತ್ತದೆ. ಹಿತ್ತಾಳೆಯ ನಾದಕ್ಕೆ ದುಂಡನೆಯ ಮೈ ಇದೆ. ಅದು ಡಿಸ್ಟಾರ್ಷನ್ನಿನಂತೆ ಕಿವಿಯನ್ನು ಕೆರೆಯುವುದಿಲ್ಲ. ಹೀಗಾಗಿ ಏರಿಕೆ ಅಷ್ಟೇ ಇದ್ದರೂ ತಲುಪುವ ಜಾಗ ಬೆಳಕಿನದ್ದಾಗುತ್ತದೆ. ಮೊದಲು ಕೇಳಿಸಲು ಬಿಟ್ಟ ‘ರನ್ ಆನ್’ ಮತ್ತು ಕೊನೆಯ ಭಾಗದ ‘ವಿ ಆಲ್ ಶೈನ್ ಆನ್’ ಈ ಸ್ವಭಾವಕ್ಕೆ ಒಳ್ಳೆಯ ಮಾದರಿ.

ಪೋಸ್ಟ್-ರಾಕ್ ಮೇಲೆ ಹಳೆಯ ಟೀಕೆ ಒಂದಿದೆ. ಮೆಲ್ಲಗೆ ಶುರು, ನಿಧಾನ ಏರಿಕೆ, ದೊಡ್ಡ ಸ್ಫೋಟ, ಮೌನ. ಈ ಅಚ್ಚು ಎಲ್ಲರಿಗೂ ಗೊತ್ತಾಗಿಬಿಟ್ಟಿದೆ, ಮುಂದೇನು ಅಂತ ಮೊದಲೇ ಹೇಳಬಹುದು ಎನ್ನುವುದು. ಈ ಮಾತನ್ನು ತಳ್ಳಿಹಾಕಲಾರೆ. ಇದೇ ಅಚ್ಚಿನಲ್ಲಿ ಬಂದ ಎಷ್ಟೋ ಬ್ಯಾಂಡುಗಳ ಕೆಲಸ ಜಾಹೀರಾತಿನ ಹಿನ್ನೆಲೆ ಸಂಗೀತದ ಮಟ್ಟಕ್ಕೆ ಇಳಿದಿದೆ. ‘ಓತ್’ನಲ್ಲೂ ನಡುವಿನ ಒಂದೆರಡು ಟ್ರ್ಯಾಕ್‌ಗಳು ಒಂದಕ್ಕೊಂದು ತೀರಾ ಹತ್ತಿರ ಇವೆ, ಒಂದನ್ನು ಬಿಟ್ಟಿದ್ದರೆ ಆಲ್ಬಂ ಗಟ್ಟಿಯಾಗುತ್ತಿತ್ತು. ಆದರೆ ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದೇ ದೋಷ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಏರುತ್ತದೆ ಅಂತ ಗೊತ್ತಿದ್ದೇ ಕೂತಿರುತ್ತೇವೆ. ಯಾವ ಸುತ್ತಿನಲ್ಲಿ, ಯಾರ ಕೈಯಿಂದ ಎನ್ನುವುದು ಗೊತ್ತಿರುವುದಿಲ್ಲ. ಮೋನೊ ಆ ಜಾಗವನ್ನು ಆರಿಸುವುದರಲ್ಲಿ ಉಳಿದವರಿಗಿಂತ ಮುಂದಿದ್ದಾರೆ. ಕೆಲವು ಸಲ ಡ್ರಮ್ಸ್ ಬರಲೇಬೇಕು ಅನ್ನಿಸಿದ ಮೇಲೂ ಇನ್ನೊಂದು ಸುತ್ತು ತಡೆಹಿಡಿಯುತ್ತಾರೆ. ಆ ತಡೆಯಲ್ಲಿ ಇರುವಷ್ಟು ಬಲ ಅದರ ನಂತರದ ಹೊಡೆತದಲ್ಲೂ ಇಲ್ಲ.

ಇನ್ನು ಕೇಳುವ ವಿಷಯ. ಇದು ಚಿಕ್ಕದೆನಿಸಿದರೂ ಈ ಸಂಗೀತಕ್ಕೆ ಅತಿ ದೊಡ್ಡ ವ್ಯತ್ಯಾಸ ಮಾಡುವುದು ಇದೇ. ಬಸ್ಸಿನಲ್ಲಿ, ಟ್ರಾಫಿಕ್ಕಿನಲ್ಲಿ ಸುತ್ತಲಿನ ಸದ್ದು 70 ಡೆಸಿಬೆಲ್ ಆಸುಪಾಸು ಇರುತ್ತದೆ. ಮೋನೊದ ಮೆಲ್ಲಗಿನ ಭಾಗ ಅದರಡಿ ಹೂತುಹೋಗುತ್ತದೆ. ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ, ಐದು ನಿಮಿಷಕ್ಕೆ ಕಿವಿ ಕಿತ್ತುಹೋಗುವಂತಾಗಿ ಇಳಿಸುತ್ತೇವೆ. ಬ್ಯಾಂಡ್ ಕಷ್ಟಪಟ್ಟು ಕಟ್ಟಿದ ಅಂತರವನ್ನು ನಾವೇ ಕೈಯಾರೆ ಸಪಾಟು ಮಾಡಿದ ಹಾಗಾಯಿತು. ರಾತ್ರಿ ಮನೆಯಲ್ಲಿ, ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಇದ್ದರೆ ಅದನ್ನು ಹಾಕಿಕೊಂಡು ಕೇಳಿ. ಮೊದಲು ಯಾವುದಾದರೂ ಟ್ರ್ಯಾಕಿನ ಅತಿ ಜೋರಿನ ಜಾಗಕ್ಕೆ ಹೋಗಿ ಅಲ್ಲಿ ಹಿತವಾಗುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ. ಆಮೇಲೆ ಆಲ್ಬಂ ಮೊದಲಿನಿಂದ ಹಾಕಿ, ಮತ್ತೆ ವಾಲ್ಯೂಮ್ ಮುಟ್ಟಬೇಡಿ.

ಆ್ಯಪ್ ಸೆಟಿಂಗ್ ಕೂಡ ನೋಡಿ. ಸ್ಪಾಟಿಫೈನಂಥ ಸೇವೆಗಳು ಬೇರೆ ಬೇರೆ ಹಾಡುಗಳ ಜೋರನ್ನು ಒಂದು ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈನಲ್ಲಿ ಆಲ್ಬಂ ಸಾಲಾಗಿ ಕೇಳಿದರೆ ಈ ಹೊಂದಾಣಿಕೆ ಇಡೀ ಆಲ್ಬಂಗೆ ಒಂದೇ ಸಲ ಆಗುತ್ತದೆ, ಟ್ರ್ಯಾಕ್‌ಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಷಫಲ್ ಮಾಡಿದರೆ ಅಥವಾ ಪ್ಲೇಲಿಸ್ಟಿಗೆ ಹಾಕಿದರೆ ಒಂದೊಂದು ಟ್ರ್ಯಾಕನ್ನೂ ಬೇರೆಯಾಗಿ ಸರಿಹೊಂದಿಸುತ್ತದೆ. ಆಗ ಮೆಲ್ಲಗಿರಬೇಕಾದ ಚಿಕ್ಕ ಟ್ರ್ಯಾಕ್ ದೊಡ್ಡದರ ಸಮಕ್ಕೆ ಬಂದು ನಿಲ್ಲಬಹುದು. ವಾಲ್ಯೂಮ್ ಮಟ್ಟವನ್ನು ‘ಲೌಡ್’ಗೆ ಇಟ್ಟಿದ್ದರೆ ಲಿಮಿಟರ್ ಬೇರೆ ಕೆಲಸ ಮಾಡುತ್ತದೆ, ತುದಿಗಳನ್ನು ಒತ್ತುತ್ತದೆ. ಹೊಂದಾಣಿಕೆಯನ್ನೇ ಆಫ್ ಮಾಡಿಬಿಡುವುದು ಒಳ್ಳೆಯದು.

ಬ್ಯಾಂಡನ್ನು ಎದುರಿಗೇ ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ವೇದಿಕೆಯಲ್ಲಿ ಇಬ್ಬರು ಗಿಟಾರ್‌ನವರೂ ಕೂತು ನುಡಿಸುತ್ತಾರೆ. ಸದ್ದು ಮಾತ್ರ ವಿಪರೀತ ಇರುತ್ತದೆ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡು ಹೋಗಿ.

‘ಓತ್’ ಹಿಡಿಸಿದರೆ ಮುಂದೆ 2009ರ ‘ಹಿಮ್ ಟು ದ ಇಮ್ಮಾರ್ಟಲ್ ವಿಂಡ್’ಗೆ ಹೋಗಿ. ಅದೂ ಆಲ್ಬಿನಿ ರೆಕಾರ್ಡ್ ಮಾಡಿದ್ದು, 28 ಜನರ ಆರ್ಕೆಸ್ಟ್ರಾ ಇದೆ, ಏರಿಕೆಗಳು ಇಲ್ಲಿಗಿಂತ ಕಡಿದಾಗಿವೆ. ಅದಾದ ಮೇಲೆ 2001ರ ಮೊದಲ ಆಲ್ಬಂ ಹಾಕಿ. ಆರ್ಕೆಸ್ಟ್ರಾ ಇಲ್ಲ, ಮುಖ್ಯವಾಗಿ ನಾಲ್ಕೇ ಜನ. 3 ಡೆಸಿಬೆಲ್‌ನ ಲೆಕ್ಕವನ್ನು ಅವರು ಆಗ ಬರೀ ಕೈಬಲ ಮತ್ತು ಪೆಡಲ್‌ಗಳಿಂದ ಹೇಗೆ ಗೆದ್ದರು ಎನ್ನುವುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.